ಹನ್ನೊಂದು ಕುರಿಗಳು

ನಾನು ಸಣ್ಣವಳಿದ್ದಾಗ ಬೆಳಗಾವಿಯ ಹಿಂದವಾಡಿಯ ನಮ್ಮ ಮನೆಯಲ್ಲಿ ಸಂಜೆ ಯಾರಾದರೂ ಸಮಾಧಾನದಿಂದ ಕೂತು ಉಂಡದ್ದನ್ನು ಕಂಡಿಲ್ಲ. ನಮ್ಮದು ಜೈನರ ಮನೆ. ಹೊತ್ತು ಮುಳುಗಿದ ಮೇಲೆ ಒಂದು ಅಗುಳೂ ಬಾಯಿಗೆ ಹೋಗುವಂತಿಲ್ಲ. ಅಡುಗೆಮನೆಯ ಪಡುವಣ ಗೋಡೆಗೆ ಒಂದು ಸಣ್ಣ ಕಿಟಕಿಯಿತ್ತು. ಐದು ಗಂಟೆಯಾಯಿತೆಂದರೆ ಅವ್ವ ಒಂದು ಕಣ್ಣನ್ನು ಆ ಕಿಟಕಿಯ ಮೇಲಿಟ್ಟುಕೊಂಡೇ ರೊಟ್ಟಿ ಬಡಿಯುತ್ತಿದ್ದಳು. ಅಪ್ಪ ಖಾನಾಪುರದ ತೋಟದಿಂದ ಸಂಜೆಯ ರೈಲಿಗೆ ಬರಬೇಕು. ಬೇಸಿಗೆಯಲ್ಲಿ ಆ ಗಾಡಿ ಸೂರ್ಯನಿಗಿಂತ ಮೊದಲು ಮುಟ್ಟುತ್ತಿತ್ತು, ಚಳಿಗಾಲದಲ್ಲಿ ಸೂರ್ಯ ಗೆಲ್ಲುತ್ತಿದ್ದ. ನಾನು ಅಂಗಳದ ಗೇಟಿನ ಮೇಲೆ ಹತ್ತಿ ನಿಂತು, ಅಪ್ಪನ ಬಿಳಿ ಟೊಪ್ಪಿಗೆ ರಸ್ತೆಯ ತಿರುವಿನಲ್ಲಿ ಕಂಡ ಕೂಡಲೇ ಕೂಗಬೇಕು. ಅವ್ವ ತಾಟಿಗೆ ಬಡಿಸಬೇಕು. ಅಪ್ಪ ಕಾಲು ತೊಳೆದವನೇ ಗಬಗಬ ಉಂಡು ಏಳಬೇಕು. ಟೊಪ್ಪಿಗೆ ಕಾಣುವ ಮೊದಲೇ ಕಿಟಕಿ ಕಪ್ಪಾದರೆ ಅವನು ಉಪವಾಸ, ಅವನ ಜೊತೆ ಅವ್ವನೂ ಉಪವಾಸ. ಇವತ್ತಿಗೂ ಐದು ಗಂಟೆಯಾದರೆ ನಾನು ಮಾಡುತ್ತಿದ್ದ ಕೆಲಸ ಬಿಟ್ಟು ಪಡುವಣ ಕಿಟಕಿಗೆ ಹೋಗಿ ನಿಲ್ಲುತ್ತೇನೆ.

ಇಷ್ಟೆಲ್ಲ ಪರದಾಟ ಯಾಕೆ ಬೇಕಿತ್ತು ಎಂಬುದು ಅವ್ವನ ಖಾಯಂ ತಕರಾರು. ಊರೊಳಗೇ, ರವಿವಾರ ಪೇಟೆಯಲ್ಲಿ, ನಮ್ಮದೇ ಬೆಲ್ಲ, ಬೇಳೆಯ ಸಗಟು ಅಂಗಡಿಯಿತ್ತು. ಅಪ್ಪನ ಅಣ್ಣ, ಅಂದರೆ ನಮ್ಮ ದೊಡ್ಡಪ್ಪ, ಬೆಳಿಗ್ಗೆಯಿಂದ ಸಂಜೆಯವರೆಗೆ ಅಲ್ಲಿಯ ಗಾದಿಯ ಮೇಲೆ ಒಂದೇ ಸವನೆ ಕೂತಿರುತ್ತಿದ್ದ. ಅಪ್ಪನನ್ನೂ ಅಲ್ಲಿ ಕೂರಿಸಿ ನೋಡಿದ್ದರು. ಎರಡು ವರ್ಷ ಕೂತನಂತೆ. ಗಿರಾಕಿ ಮಾತಾಡುತ್ತಿದ್ದಾಗ ಎದ್ದು ಬಾಗಿಲಿಗೆ ಹೋಗುವುದು, ಆಕಾಶ ನೋಡುವುದು, ಮತ್ತೆ ಬಂದು ಕೂರುವುದು, ಮೊಣಕಾಲು ಅಲ್ಲಾಡಿಸುವುದು. ಗಾದಿಯ ಮೇಲೆ ಕೂತರೆ ಉಸಿರು ಕಟ್ಟುತ್ತದೆ ಎಂದು ಕಡೆಗೆ ತನ್ನ ತಾಯಿಯ ಮುಂದೆ ಅತ್ತೇಬಿಟ್ಟನಂತೆ, ಮದುವೆಯಾಗಿ ನಾನು ಹುಟ್ಟಿದ ಮೇಲೆ. ಅಪ್ಪನ ತಾಯಿಗೆ ನಾವು ಆಯಿ ಅನ್ನುತ್ತಿದ್ದೆವು. ಖಾನಾಪುರದ ನಾಲ್ಕೆಕರೆ ಚಿಕ್ಕೂ, ಪೇರಲದ ತೋಟ ಆಯಿಗೆ ತವರಿನಿಂದ ಬಂದದ್ದು, ಅವಳ ಹೆಸರಿನಲ್ಲೇ ಇದ್ದದ್ದು. ಹೋಗು, ಅದನ್ನಾದರೂ ನೋಡಿಕೋ ಎಂದು ಆಯಿ ಅಪ್ಪನಿಗೆ ಬಿಟ್ಟುಕೊಟ್ಟಳು. ಅಂದಿನಿಂದ ಅಪ್ಪ ದಿನಾ ಬೆಳಗಿನ ಗಾಡಿಗೆ ಹೋಗಿ ಸಂಜೆಯ ಗಾಡಿಗೆ ಬರುವ ಮನುಷ್ಯನಾದ. ನನ್ನ ಕಾಲಲ್ಲಿರುವ ಚಕ್ರ ಅವನಿಂದ ಬಂದದ್ದು. ಕಲಿಸಿದ ಬಾಯಿಪಾಠವನ್ನು ನಾನು ಮನೆ ಸುತ್ತ ಓಡುತ್ತ ಒಪ್ಪಿಸುತ್ತಿದ್ದೆ, ಕೂತರೆ ಮರೆತುಹೋಗುತ್ತಿತ್ತು.

ತೋಟದಲ್ಲಿ ಅಪ್ಪನಿಗೆ ಮೊದಲು ಕಂಡದ್ದು ಮಣ್ಣಿನ ಕಾಟ. ಖಾನಾಪುರದ ಮಳೆ ಬೆಳಗಾವಿಯ ಮಳೆಯಂತಲ್ಲ, ಹಿಡಿದರೆ ಬಿಡುವುದಿಲ್ಲ. ಮರಗಳ ನಡುವೆ ನೇಗಿಲು ಹೊಡೆದು ಚೊಕ್ಕಟ ಮಾಡಿಟ್ಟ ಕೆಂಪು ಮಣ್ಣು ಪ್ರತಿ ಮಳೆಗಾಲ ಹಳ್ಳಕ್ಕೆ ಇಳಿದುಹೋಗಿ ಚಿಕ್ಕೂ ಮರದ ಬೇರು ಮುದುಕರ ಕೈನರಗಳ ಹಾಗೆ ಎದ್ದು ಕಾಣುತ್ತಿತ್ತು. ಅಪ್ಪ ಉಳುವುದನ್ನೇ ಬಿಟ್ಟ. ಆಯಿಗೆ ಖುಷಿಯಾಯಿತು, ನೇಗಿಲಿಗೆ ಸಿಕ್ಕು ಸಾಯುವ ಹುಳುಗಳ ಪಾಪ ತಪ್ಪಿತಲ್ಲ ಎಂದು. ಆದರೆ ಹುಲ್ಲು ಎದೆಮಟ್ಟ ಬೆಳೆಯಿತು. ಬೇಸಿಗೆಯಲ್ಲಿ ಒಣಗಿ, ಯಾರೋ ಎಸೆದ ಬೀಡಿಗೆ ಹತ್ತಿಕೊಂಡು, ಪೇರಲದ ಒಂದು ಸಾಲೇ ಸುಟ್ಟುಹೋಯಿತು. ಆಗ ಅಪ್ಪನ ತಲೆಗೆ ಕುರಿ ಬಂದವು. ಕುರಿ ಹುಲ್ಲನ್ನು ಕಿತ್ತು ಹಾಕುವುದಿಲ್ಲ, ಮೇಲಿಂದ ಮೇಲೆ ಕತ್ತರಿಸಿದಂತೆ ಮೇಯುತ್ತದೆ. ಬೇರು ಮಣ್ಣು ಹಿಡಿದುಕೊಂಡಿರುತ್ತದೆ. ಹಿಕ್ಕೆ ಮರಕ್ಕೆ ಗೊಬ್ಬರವಾಗುತ್ತದೆ. ಉದುರಿ ಕೊಳೆತ ಹಣ್ಣನ್ನು ತಿಂದು ಹುಳ ಹಬ್ಬುವುದನ್ನು ತಪ್ಪಿಸುತ್ತದೆ. ಇಷ್ಟನ್ನೂ ಅವನು ಒಂದು ಸಂಜೆ ಊಟದ ನಡುವೆ ಹೇಳಲು ಹೋಗಿ ಹೊತ್ತು ಮುಳುಗಿಸಿಕೊಂಡು ಅರ್ಧ ತಾಟು ಬಿಟ್ಟು ಎದ್ದ.

ಸುಗ್ಗಿ ಮುಗಿದ ಮೇಲೆ ಗೋಕಾಕದ ಕಡೆಯಿಂದ ಹಿಂಡು ಹೊಡೆದುಕೊಂಡು ಬರುವ ಕುರುಬರಲ್ಲಿ ಲಕ್ಕಪ್ಪ ಎಂಬವನಿದ್ದ. ಅಪ್ಪ ಅವನ ಹತ್ತಿರ ಮರಿ ಹಾಕುವುದು ನಿಂತುಹೋದ ಎಂಟು ಮುದಿ ಕುರಿ ಕೇಳಿದ. ಲಕ್ಕಪ್ಪನಿಗೆ ತಮಾಷೆ ಮಾಡುತ್ತಿದ್ದಾನೆ ಅನ್ನಿಸಿತು. ಎಳೇ ಕುರಿ ಒಯ್ಯಿರಿ, ವರ್ಷಕ್ಕೆ ಹಿಂಡು ಬೆಳೆಯುತ್ತದೆ ಎಂದ. ಬೆಳೆಯಬಾರದು ಎಂಬುದೇ ಅಪ್ಪನ ಲೆಕ್ಕ. ಬೆಳೆದರೆ ಮಾರಬೇಕು, ಮಾರಿದರೆ ಎಲ್ಲಿಗೆ ಹೋಗುತ್ತವೆ ಎಂದು ಬೇರೆ ಹೇಳಬೇಕಿಲ್ಲ. ಇವು ಹುಲ್ಲು ಮೇದುಕೊಂಡು ತಮ್ಮ ಪಾಡಿಗೆ ತಾವು ಮುಪ್ಪಾಗಿ ಹೋಗಲಿ ಎಂದ. ಲಕ್ಕಪ್ಪ ಬಹಳ ಹೊತ್ತು ನಕ್ಕನಂತೆ.

“ಮುದುಕಿ ಕುರೀನ ಬೇಕಂತ ಕೇಳಿದ ಸಾವಕಾರ ನೀವೊಬ್ರ ನೋಡ್ರಿ,” ಅಂದನಂತೆ.

ಆಯಿಯನ್ನು ಒಪ್ಪಿಸುವುದು ಲಕ್ಕಪ್ಪನನ್ನು ಒಪ್ಪಿಸಿದಷ್ಟು ಸುಲಭವಾಗಿರಲಿಲ್ಲ. ಅವಳು ಪಡಸಾಲೆಯ ಚಾಪೆಯ ಮೇಲೆ ಕೂತು, ನೀರು ಸೋಸುವ ಬಟ್ಟೆಯನ್ನು ಮಡಚುತ್ತ, ಬಿಚ್ಚುತ್ತ, ಎಲ್ಲ ಕೇಳಿಸಿಕೊಂಡಳು. ಪ್ರಾಣಿಯನ್ನು ಕಟ್ಟಬಾರದು, ಹೊಡೆಯಬಾರದು, ಕೊಯ್ಯಬಾರದು, ಹೆಚ್ಚಿನ ಹೊರೆ ಹೊರಿಸಬಾರದು, ಅನ್ನ ನೀರು ತಪ್ಪಿಸಬಾರದು ಎಂದು ಐದು ಬೆರಳು ಮಡಚಿ ಹೇಳಿದಳು. ಅಪ್ಪ ಐದಕ್ಕೂ ಹೂಂ ಅಂದ. ಲಕ್ಕಪ್ಪ ಇವು ಮುದಿ ಕುರಿ ಎಂದು ಮಾತು ಕೊಟ್ಟಿದ್ದಾನೆ ಎಂದೂ ಸೇರಿಸಿದ. ಅಲ್ಲಿ ಆಯಿ ಅವನನ್ನು ಹಿಡಿದಳು.

“ನಲವತ್ತಕ್ಕ ನಾ ನಿನ್ನ ಹಡದೀನಿ, ಜಿನ್ನಪ್ಪಾ. ಮುದುಕ್ಯಾರ ಮ್ಯಾಲ ಭರವಸಾ ಇಡಬ್ಯಾಡ. ಒಂದ ಮರಿ ಹುಟ್ಟಿತಂದ್ರೂ ನೀ ತ್ವಾಟ ಬಿಟ್ಟು ಅಂಗಡ್ಯಾಗ ಕುಂದರಬೇಕು. ಇದಕ್ಕ ಹೂಂ ಅಂತೀಯೇನು?”

ಅಪ್ಪ ಹೂಂ ಅಂದ. ಅಂದಿನಿಂದ ದಿನಾ ಸಂಜೆ ಅವನು ಕಾಲು ತೊಳೆಯುವಾಗ ಆಯಿ ಚಾಪೆಯ ಮೇಲಿಂದ ಎಷ್ಟು ಎಂದು ಕೇಳುತ್ತಿದ್ದಳು, ಅವನು ಎಂಟು ಅನ್ನುತ್ತಿದ್ದ. ಎಂಟು ಹನ್ನೊಂದಾದದ್ದು ಮಾತ್ರ ಆಯಿಯಿಂದಲೇ. ಒಂದು ನೋಂಪಿಯ ವ್ರತ ಮುಗಿಸಿದ ಪುಣ್ಯಕ್ಕೆ ತೋಟ ನೋಡಲು ಬಂದವಳು, ಖಾನಾಪುರ ಸ್ಟೇಶನ್ನಿನ ಹೊರಗೆ ಮೂರು ಟಗರುಮರಿಗಳನ್ನು ಕಟುಕರು ಎಳೆದೊಯ್ಯುವುದನ್ನು ಕಂಡು, ಸೊಂಟದ ಚೀಲ ಬಿಚ್ಚಿ ಅಲ್ಲೇ ಬಿಡಿಸಿಕೊಂಡಳು. ಜೀವ ಉಳಿಸಿದ ಸಂತೋಷದಲ್ಲಿ ಅವಳ ಮುಖ ಹೊಳೆಯುತ್ತಿತ್ತು. ಅಪ್ಪನ ಮುಖ ಗಂಟಾಗಿತ್ತು. ಲಕ್ಕಪ್ಪ ಸುದ್ದಿ ಕೇಳಿ, ಟಗರುಗಳಿಗೆ ಬೀಜ ಒಡೆಸಿಬಿಡಿ, ನಿಶ್ಚಿಂತೆ ಎಂದ. ಆಯಿ ಎರಡೂ ಕಿವಿ ಮುಚ್ಚಿಕೊಂಡಳು. ಕಟ್ಟುವಂತಿಲ್ಲ, ಕೊಯ್ಯುವಂತಿಲ್ಲ, ಮಾರುವಂತಿಲ್ಲ, ಬೇಲಿಯೊಂದೇ ದಾರಿ. ಅಪ್ಪ ತೋಟದ ನಡುವೆ ಬಿದಿರಿನ ಬೇಲಿ ಹಾಕಿಸಿ, ಚಿಕ್ಕೂ ಕಡೆ ಎಂಟು ಮುದುಕಿಯರನ್ನೂ ಪೇರಲದ ಕಡೆ ಮೂರು ಟಗರುಗಳನ್ನೂ ಬಿಟ್ಟ. ನಡುವೆ ಒಂದು ಬಿದಿರಿನ ಗೇಟು, ಅದಕ್ಕೆ ಹಗ್ಗದ ಕುಣಿಕೆ. ಬ್ರಹ್ಮಚರ್ಯದ ಬೇಲಿ ಎಂದು ದೊಡ್ಡಪ್ಪ ಅಂಗಡಿಯಲ್ಲಿ ಎಲ್ಲರ ಮುಂದೆ ಹೇಳಿ ನಗಿಸುತ್ತಿದ್ದ.

ನಗಲಿ ಬಿಡಿ. ಆ ಎರಡು ವರ್ಷ ತೋಟ ಹೇಗಿತ್ತೆಂದು ನಗುವವರಿಗೆ ಗೊತ್ತಿರಲಿಲ್ಲ. ಮಳೆ ಕಡಿಮೆಯಾಗುತ್ತಲೇ ಅಪ್ಪ ಮರಗಳ ನಡುವೆ ಹುರುಳಿ ಚೆಲ್ಲುತ್ತಿದ್ದ. ಅದು ಇಬ್ಬನಿ ಕುಡಿದೇ ಹಬ್ಬಿ ನೆಲ ಮುಚ್ಚುತ್ತಿತ್ತು. ಕೃಷಿ ಕಚೇರಿಯ ಒಬ್ಬರು ಸ್ಟೈಲೋ ಎಂಬ ಹೊಸ ಮೇವಿನ ಬೀಜ ಕೊಟ್ಟಿದ್ದರು. ಅದರ ಸಿಪ್ಪೆ ಗಟ್ಟಿ, ಬಿಸಿನೀರಿನಲ್ಲಿ ಅದ್ದಿ ಬಿತ್ತಬೇಕು. ಅಪ್ಪ ಅವ್ವನ ಹಾಲಿನ ಪಾತ್ರೆಯಲ್ಲೇ ಅದ್ದಿದ. ಅವ್ವ ಎರಡು ದಿನ ಮಾತು ಬಿಟ್ಟಳು. ತೋಟವನ್ನು ಪಟ್ಟಿ ಪಟ್ಟಿಯಾಗಿ ಬಲೆಯಿಂದ ಭಾಗ ಮಾಡಿ, ಎಂಟು ದಿನಕ್ಕೊಂದು ಪಟ್ಟಿ ಮೇಯಿಸಿ, ಮೇದದ್ದು ಮತ್ತೆ ಚಿಗುರುವತನಕ ಅತ್ತ ಬಿಡುತ್ತಿರಲಿಲ್ಲ. ಮರದ ಬುಡಕ್ಕೆ ಸುಣ್ಣದ ಜೊತೆ ಮೈಲುತುತ್ತ ಬಳಿಯುವುದು ಎಲ್ಲರ ರೂಢಿ. ಮೈಲುತುತ್ತ ನೆಕ್ಕಿದರೆ ಕುರಿ ಸಾಯುತ್ತವೆ ಎಂದು ಲಕ್ಕಪ್ಪ ಎಚ್ಚರಿಸಿದ ಮೇಲೆ ಅದನ್ನು ಬಿಟ್ಟು, ಪೇರಲದ ತೊಗಟೆಯನ್ನು ಟಗರು ಕಚ್ಚದಂತೆ ಅಂಗಡಿಯ ಹಳೇ ಗೋಣಿಚೀಲ ಸುತ್ತಿದ. ಮಳೆಗಾಲದಲ್ಲಿ ಗೊರಸು ಕೊಳೆಯಬಾರದೆಂದು ಬಿದಿರಿನ ಅಟ್ಟಣೆಯ ಮೇಲೆ ಕೊಟ್ಟಿಗೆ ಕಟ್ಟಿಸಿದ. ಹಳ್ಳದ ನೀರು ಮೊದಲಿನ ಹಾಗೆ ಕೆಂಪಾಗುವುದು ನಿಂತಿತು. ಕಾವಲಿಗೆ ತೋಟದಲ್ಲೇ ಗುಡಿಸಲು ಹಾಕಿಕೊಂಡಿದ್ದ ಮರಾಠಿ ಮಾತಿನ ವಿಧವೆ ಮಾವಶಿ, ನಿಮ್ಮಪ್ಪ ಮನೆಯಲ್ಲೂ ಹೀಗೇ ನಗುತ್ತಾನಾ ಎಂದು ಒಮ್ಮೆ ನನ್ನನ್ನು ಕೇಳಿದಳು. ಮನೆಯಲ್ಲಿ ಅವನು ನಕ್ಕದ್ದು ನನಗೆ ನೆನಪೇ ಇರಲಿಲ್ಲ.

ರವಿವಾರ ಮತ್ತು ಸೂಟಿಯಲ್ಲಿ ನಾನೂ ಅಪ್ಪನ ಜೊತೆ ಹೋಗುತ್ತಿದ್ದೆ. ಬೇಲಿಯ ಗೇಟು ನನ್ನ ಜವಾಬ್ದಾರಿ. ಮಾವಶಿ ನೀರು ತರಲು ಆ ಕಡೆ ಈ ಕಡೆ ಹೋಗುವಾಗ ತೆಗೆಯಬೇಕು, ಕುಣಿಕೆ ಹಾಕಬೇಕು, ಹಾಕಿದ್ದನ್ನು ಎಳೆದು ನೋಡಬೇಕು. ಏಳನೆಯ ಇಯತ್ತೆಯ ದೀಪಾವಳಿ ಸೂಟಿ ಅದು. ಹಬ್ಬದ ಮರುದಿನ ಅವ್ವ, ನೀನು ದೊಡ್ಡವಳಾಗುತ್ತಿದ್ದೀ, ಬರುವ ವರ್ಷದಿಂದ ಖಾನಾಪುರ ಸಾಕು, ಮನೆಯಲ್ಲಿ ಕೂತು ಕಸೂತಿ ಕಲಿ ಎಂದಿದ್ದಳು. ಕೂತು ಎಂಬ ಮಾತೇ ನನ್ನ ಮೈ ಉರಿಸುತ್ತಿತ್ತು. ಮರುದಿನ ತೋಟದಲ್ಲಿ ಗೇಟಿನ ಹತ್ತಿರ ನಿಂತಿದ್ದೆ. ದೊಡ್ಡ ಟಗರು ಬೇಲಿಗುಂಟ ಈ ತುದಿಯಿಂದ ಆ ತುದಿಗೆ, ಆ ತುದಿಯಿಂದ ಈ ತುದಿಗೆ ನಡೆಯುತ್ತಿತ್ತು. ಎಷ್ಟು ದಿನದಿಂದ ಹಾಗೆ ನಡೆದಿತ್ತೋ, ಇಡೀ ತೋಟದಲ್ಲಿ ಹುಲ್ಲಿಲ್ಲದ ಜಾಗ ಅದೊಂದೇ, ಬೇಲಿಗುಂಟ ಒಂದು ಕೆಂಪು ಕಾಲುದಾರಿ ಬಿದ್ದಿತ್ತು. ನನಗೆ ತಡೆಯಲಾಗಲಿಲ್ಲ. ಅಪ್ಪ ದೂರದಲ್ಲಿ ಗೋಣಿ ಸುತ್ತುತ್ತಿದ್ದ, ಮಾವಶಿ ಸಂತೆಗೆ ಹೋಗಿದ್ದಳು. ಕುಣಿಕೆ ತೆಗೆದೆ. ಒಂದು ಪೇರಲಹಣ್ಣು ತಿಂದು ಮುಗಿಸುವಷ್ಟು ಹೊತ್ತು, ಅಷ್ಟೇ. ಆಮೇಲೆ ಒಂದು ಮುಷ್ಟಿ ಹುರುಳಿ ತೋರಿಸಿ ಟಗರನ್ನು ತಿರುಗಿ ಒಳಗೆ ಕರೆದು ಕುಣಿಕೆ ಹಾಕಿದೆ. ಏನಾಗುತ್ತದೆಂದು ನನಗೆ ತಿಳಿದಿರಲಿಲ್ಲ ಎಂದು ಬರೆದರೆ ಓದುವವರು ಒಪ್ಪಿಯಾರು, ಆದರೆ ಅದು ಸುಳ್ಳು. ಮುದುಕಿಯರಲ್ಲಿ ಒಂದು ಹರಕು ಕಿವಿಯ ಕುರಿಯ ಜೊತೆ ಟಗರು ಇದ್ದದ್ದನ್ನು ನಾನು ಹಣ್ಣು ತಿನ್ನುತ್ತಲೇ ನೋಡಿದ್ದೆ.

ಆ ಚಳಿಗಾಲವಿಡೀ ನನಗೆ ನೆಟ್ಟಗೆ ನಿದ್ದೆಯಿಲ್ಲ. ರವಿವಾರ ತೋಟಕ್ಕೆ ಹೋದ ಕೂಡಲೇ ಹರಕು ಕಿವಿಯ ಕುರಿಯ ಹೊಟ್ಟೆ ನೋಡುವುದು. ದಪ್ಪ ಉಣ್ಣೆಯಲ್ಲಿ ಏನು ಕಾಣುತ್ತದೆ? ಹುರುಳಿ ತಿಂದು ಉಬ್ಬಿದೆ ಅನ್ನಿಸುತ್ತಿತ್ತು ಒಮ್ಮೆ, ಇಲ್ಲ ಅನ್ನಿಸುತ್ತಿತ್ತು ಇನ್ನೊಮ್ಮೆ. ಮುದುಕಿ ಅದು, ಏನೂ ಆಗಲಿಕ್ಕಿಲ್ಲ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಅಪ್ಪನಿಗೆ ಹೇಳಲು ಎಷ್ಟು ಸಲ ಬಾಯಿ ತೆರೆದೆನೋ. ರೈಲಿನಲ್ಲಿ ಎದುರು ಕೂತು ಅವನು ಬರುವ ವರ್ಷ ಪೇರಲದ ನಡುವೆ ಏನು ಬಿತ್ತಬೇಕೆಂದು ಸೀಟಿನ ಮೇಲೆ ಬೆರಳಲ್ಲಿ ಗೆರೆ ಎಳೆದು ತೋರಿಸುವಾಗ ಬಾಯಿ ಕಟ್ಟಿಹೋಗುತ್ತಿತ್ತು.

ಯುಗಾದಿಯ ಆಸುಪಾಸಿನ ಒಂದು ರವಿವಾರ ನಾವು ತೋಟದ ಗೇಟು ದಾಟುವಾಗಲೇ ಮಾವಶಿ ಓಡಿ ಬಂದಳು. ಅವಳ ಸೆರಗಿನಲ್ಲಿ ಒದ್ದೆ ಮರಿಯೊಂದಿತ್ತು. ಹರಕು ಕಿವಿಯ ಕುರಿ ಬೆಳಗಿನ ಜಾವ ಮರಿ ಹಾಕಿ, ಆ ಕಷ್ಟ ತಡೆಯದೆ ಸತ್ತಿತ್ತು. ಚಿಕ್ಕೂ ಮರದ ಕೆಳಗೆ ಕಾಲು ಚಾಚಿ ಮಲಗಿತ್ತು, ಕಣ್ಣು ತೆರೆದಿತ್ತು. ಅಪ್ಪ ಅದರ ಹತ್ತಿರ ಬಹಳ ಹೊತ್ತು ಕುಕ್ಕರಗಾಲಲ್ಲಿ ಕೂತ. ಆಮೇಲೆ ಎದ್ದು ಬೇಲಿಗೆ ಹೋಗಿ ಕುಣಿಕೆಯನ್ನು ಹಾಕಿ ತೆಗೆದು, ಹಾಕಿ ತೆಗೆದು ನೋಡಿದ. ಮಾವಶಿ ದೇವರಾಣೆ ಹಾಕಿ ತಾನಲ್ಲ ಎಂದಳು. ಅಪ್ಪ ಅವಳ ಮೇಲೆ ಸಂಶಯಪಡಲಿಲ್ಲ. ನನ್ನ ಕಡೆಯಂತೂ ನೋಡಲೇ ಇಲ್ಲ.

“ನಾನ ಎಂದೋ ಮರತ ಬಿಟ್ಟೀನಿ, ನೋಡು,” ಅಂದ.

ಅವನು ಗುದ್ದಲಿ ತಂದು ಕುಣಿ ತೋಡಿದ. ಮಾವಶಿ ಮರಿಗೆ ಬತ್ತಿಯಿಂದ ತನ್ನ ಆಡಿನ ಹಾಲು ಕುಡಿಸಿದಳು. ಮರಿ ಹೆಣ್ಣು, ತಾಯಿಯಂತೆಯೇ ಕರಿ, ಕುಡಿಯುವಾಗ ಬಾಲ ಕುಣಿಸುತ್ತಿತ್ತು. ಅದು ಬದುಕಿತಲ್ಲ ಎಂದು ಸಂತೋಷಪಡುವಷ್ಟು ಧೈರ್ಯವೂ ನನಗಿರಲಿಲ್ಲ. ಸಂಜೆಯ ಗಾಡಿಗೆ ಬಂದು ಮನೆ ಮುಟ್ಟಿದಾಗ ಕಿಟಕಿಯಲ್ಲಿ ಇನ್ನೂ ಬೆಳಕಿತ್ತು. ಅವನು ಬಚ್ಚಲಿನ ಕಟ್ಟೆಯ ಮೇಲೆ ಕಾಲಿಗೆ ನೀರು ಹಾಕಿಕೊಳ್ಳುತ್ತಿದ್ದ, ನಾನು ಬಾಗಿಲಲ್ಲಿದ್ದೆ. ಎಷ್ಟು ಎಂದು ಆಯಿ ಕೇಳುವ ಮೊದಲೇ ಅಪ್ಪ ಹೇಳಿಬಿಟ್ಟ.

“ಹನ್ನೊಂದ ಅದಾವವ್ವಾ.”

ಒಂದು ಸತ್ತಿತ್ತು, ಒಂದು ಹುಟ್ಟಿತ್ತು. ಎಣಿಸಿದರೆ ಹನ್ನೊಂದೇ. ಅಪ್ಪ ಅಂದು ಊಟಕ್ಕೆ ಕೂತವನು, ಹೊಟ್ಟೆ ಸರಿಯಿಲ್ಲ ಎಂದು ರೊಟ್ಟಿ ಮುರಿಯದೆ ಎದ್ದ. ಅದುವರೆಗೆ ನಾನು ಅಪ್ಪನ ಬಾಯಲ್ಲಿ ಒಂದು ಸುಳ್ಳು ಕೇಳಿರಲಿಲ್ಲ. ಮುಂದಿನ ಒಂದು ತಿಂಗಳು ದಿನಾ ಕೇಳಿದೆ, ಅದೂ ನಿಜದಂತೆ ಕಾಣುವ ಸುಳ್ಳು. ಆಯಿ ಕೇಳುವ ಮೊದಲೇ ಹೇಳುತ್ತಿದ್ದ, ಟೊಪ್ಪಿಗೆ ತೆಗೆಯುವ ಮೊದಲೇ ಹೇಳುತ್ತಿದ್ದ. ಆಯಿ ಹೂಂ ಅನ್ನುವುದನ್ನು ನಿಲ್ಲಿಸಿದಳು. ಸುಮ್ಮನೆ ಅವನ ಮುಖ ನೋಡುತ್ತಿದ್ದಳು. ಎಷ್ಟಿವೆ ಎಂದು ಗೊತ್ತಿದ್ದವನಿಗೆ ಈ ಅವಸರ ಯಾಕೆ ಎಂದು ಅವಳಿಗೆ ಅನ್ನಿಸಿರಬೇಕು. ನನಗಂತೂ ಅವಳ ಆ ನೋಟ ಕಂಡರೆ ಅಡುಗೆಮನೆಗೆ ಓಡಿಹೋಗುವಂತಾಗುತ್ತಿತ್ತು.

ಮೊದಲ ತೀರ್ಥಂಕರರು ಕಬ್ಬಿನ ಹಾಲು ಕುಡಿದು ಉಪವಾಸ ಬಿಟ್ಟ ಅಕ್ಷಯ ತದಿಗೆಯ ದಿನ, ತೋಟದಲ್ಲೇ ಅದನ್ನು ಕುಡಿಯೋಣ ಎಂದು ಆಯಿ ಎದ್ದಳು. ಅಪ್ಪ ಬಿಸಿಲು ಎಂದ, ಗಾಡಿ ತುಂಬಿರುತ್ತದೆ ಎಂದ. ಎಪ್ಪತ್ತು ದಾಟಿದ ಹೆಂಗಸು, ಕೈಯಲ್ಲಿ ಕಬ್ಬಿನ ಹಾಲಿನ ತಂಬಿಗೆ ಹಿಡಿದು ಎಲ್ಲರಿಗಿಂತ ಮುಂದೆ ನಡೆದಳು. ನಾನು, ಅವ್ವ, ಅಪ್ಪ ಹಿಂದೆ. ತೋಟದಲ್ಲಿ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಚಿಕ್ಕೂ ಸಾಲಿನೊಳಗೆ ಹೋದಳು. ಕಾಲಡಿ ಗಟ್ಟಿ ಹೆಂಟೆ ಸಿಗುತ್ತದೆಂದು ಜಾಗ್ರತೆಯಿಂದ ಹೆಜ್ಜೆ ಇಡುತ್ತಿದ್ದವಳು, ಸ್ವಲ್ಪ ದೂರ ಹೋಗಿ ನಿಂತು, ಪಾದದಿಂದ ನೆಲವನ್ನು ಒತ್ತಿ ಒತ್ತಿ ನೋಡಿದಳು. ತನ್ನ ಅಪ್ಪನ ಕಾಲದಲ್ಲೂ ಈ ಮಣ್ಣು ಇಷ್ಟು ಮೆತ್ತಗಿರಲಿಲ್ಲ ಎಂದಳು. ಅಪ್ಪನ ಮುಖದಲ್ಲಿ ಒಂದು ಕ್ಷಣ ನಗು ಬಂತು. ಅಷ್ಟರಲ್ಲಿ ಕುರಿಗಳು ಮಾವಶಿಯ ಹಿಂದೆ ಬಂದವು, ನಡುವೆ ಕರಿಯ ಮರಿ. ಆಯಿ ಬೆರಳು ಚಾಚಿ ಈ ಕಡೆ ಎಂಟು ಎಣಿಸಿದಳು, ಬೇಲಿಯಾಚೆ ಮೂರು ಎಣಿಸಿದಳು. ಆಮೇಲೆ ಅಪ್ಪನನ್ನು ಕೇಳಲಿಲ್ಲ, ನನ್ನನ್ನು ಕರೆದಳು.

“ಪದ್ದೀ, ಇಲ್ಲಿ ಬಾ. ನೀ ಹೇಳು. ಆವತ್ತ ನಾ ನೋಡಿದ ಹನ್ನೊಂದ ಇವಽ ಏನು?”

ಇವೇ ಎಂದು ಹೇಳಿದ್ದರೆ ಆಯಿ ನಂಬುತ್ತಿರಲಿಲ್ಲ. ಅದು ನನಗೆ ಗೊತ್ತಿತ್ತು. ಆದರೆ ನಾನು ಅದನ್ನೆಲ್ಲ ಯೋಚಿಸಲಿಲ್ಲ. ಐದಾರು ತಿಂಗಳು ಹೊಟ್ಟೆಯಲ್ಲಿಟ್ಟುಕೊಂಡದ್ದು ತಾನಾಗಿ ಹೊರಗೆ ಬಂತು. ಖರೇ ಹೇಳಿದವರನ್ನು ಕ್ಷಮಿಸುತ್ತಾರೆ ಎಂದು ಇದೇ ಆಯಿ ನನಗೆ ಕಲಿಸಿದ್ದಳು.

“ಅಲ್ಲ, ಆಯಿ. ಹರಕ ಕಿವೀದು ಸತ್ತೈತಿ. ಈ ಮರಿ ಅದರದು. ದೀಪಾವಳ್ಯಾಗ ಗೇಟ ನಾನ ತಗದಿದ್ದೆ.”

ಅಪ್ಪ ತಿರುಗಿ ನನ್ನನ್ನು ನೋಡಿದ. ಅದುವರೆಗೆ ಅವನು ತಪ್ಪು ತನ್ನದೇ ಎಂದು ನಂಬಿಕೊಂಡಿದ್ದ, ಅದನ್ನು ನಾನು ಮರೆತೇಬಿಟ್ಟಿದ್ದೆ. ಸಿಟ್ಟಿದ್ದರೆ ಸಹಿಸುತ್ತಿದ್ದೆ. ಯಾರೋ ಪರಿಚಯವಿಲ್ಲದವರನ್ನು ನೋಡಿದ ಹಾಗೆ ನೋಡಿದ. ಅವ್ವ ಸೆರಗು ಬಾಯಿಗೆ ಇಟ್ಟುಕೊಂಡಳು. ಆಯಿ ತಂಬಿಗೆಯನ್ನು ಕೆಳಗಿಟ್ಟು, ಸೊಂಟ ಹಿಡಿದುಕೊಂಡು ಅಲ್ಲೇ ಹುಲ್ಲಿನ ಮೇಲೆ ಕೂತಳು.

“ಟಗರ ತಂದಾಕಿ ನಾನು. ಗೇಟ ತಗದಾಕಿ ಇಕಿ. ಮರಿ ಹುಟ್ಟಿದ್ದಕ್ಕ ನಿನಗೇನ ಅನ್ನಲಿ, ಜಿನ್ನಪ್ಪಾ? ನೀ ಹೇಳಿದ್ರ ನಾನಽ ನನ್ನ ಮಾತ ನುಂಗತಿದ್ದೆ. ಖರೇ ಹೇಳೂದೊಂದ ನಿನ್ನ ಪಾಲಿಗಿತ್ತು.”

“ಹೇಳಿದ್ರ ತ್ವಾಟ ಹೋಗತಿತ್ತವ್ವಾ,” ಅಪ್ಪ ಅಂದ.

“ಈಗೂ ಹೋತಲ್ಲೋ.”

ಅವಳು ಅತ್ತಳು, ಆದರೆ ಮಾತು ಹಿಂದೆಗೆಯಲಿಲ್ಲ. ಆಯಿಯ ಸಿಟ್ಟು ಬೇಗ ಇಳಿಯುತ್ತಿತ್ತು, ಮಾತು ಮಾತ್ರ ಇಳಿಯುತ್ತಿರಲಿಲ್ಲ. ನಾಳೆಯಿಂದ ಅಪ್ಪ ಅಂಗಡಿಗೆ ಹೋಗಬೇಕು. ಹಾಗಾದರೆ ಕುರಿಗಳು, ಮರಗಳು? ಅವನ್ನು ತಾನು ನೋಡಿಕೊಳ್ಳುವುದಾಗಿ ಆಯಿ ಹೇಳಿದಳು. ಇಷ್ಟು ಚೆನ್ನಾದ ನೆಲವನ್ನು ಮತ್ತೆ ನೇಗಿಲಿಗೆ ಕೊಡುವುದಿಲ್ಲ, ಕುರಿಯನ್ನೂ ಬಿಡುವುದಿಲ್ಲ, ಮರಿ ಹುಟ್ಟಿದ್ದು ಹುಟ್ಟಿತು, ಅದೂ ಇರಲಿ ಎಂದಳು. ಸತ್ತ ಕುರಿಗೆಂದು ತಾನು ಸಾಯುವತನಕ ಚಿಕ್ಕೂಹಣ್ಣು ಮುಟ್ಟುವುದಿಲ್ಲ ಎಂದು ಅಲ್ಲೇ ವ್ರತ ಹಿಡಿದಳು. ಒಬ್ಬಳೇ ಹೇಗೆ ಓಡಾಡುತ್ತೀರಿ ಎಂದು ಅವ್ವ ಅಳುಕುತ್ತ ಕೇಳಿದ್ದಕ್ಕೆ, ಪದ್ದಿ ಬರುತ್ತಾಳೆ ನನ್ನ ಜೋಡಿ ಎಂದಳು. ಅವ್ವ ನನ್ನ ಕಸೂತಿಯ ಮಾತನ್ನು ಆಮೇಲೆ ಎತ್ತಲಿಲ್ಲ. ಆಯಿಯ ಮುಂದೆ ಎತ್ತುವಂತಿರಲಿಲ್ಲ.

ಅಂದಿನಿಂದ ಅಪ್ಪ ಒಂದು ದಿನವೂ ಉಪವಾಸ ಮಲಗಲಿಲ್ಲ. ಅಂಗಡಿಯಿಂದ ಐದಕ್ಕೇ ಬಂದು, ಕೈಕಾಲು ತೊಳೆದು, ಎರಡು ರೊಟ್ಟಿ ಹೆಚ್ಚಿಗೆ ತಿನ್ನುವಷ್ಟು ಹೊತ್ತು ಅವನಿಗೆ ಸಿಗುತ್ತಿತ್ತು. ಹೊತ್ತಿಗೆ ಸರಿಯಾಗಿ ಉಣ್ಣುತ್ತಾರಲ್ಲ ಎಂದು ಅವ್ವ ಸಮಾಧಾನ ಹೇಳಿಕೊಂಡಳು. ಅವನು ಉಂಡು ಎದ್ದ ಮೇಲೆ ತಾಟು ತೊಳೆಯುತ್ತ ಅವಳು ಅಳುವುದನ್ನೂ ಕಂಡಿದ್ದೇನೆ. ನನ್ನನ್ನು ಅವನು ಒಂದು ಸಲವೂ ಬೈಯಲಿಲ್ಲ. ಆಯಿಯಂತೂ ಮನೆಗೆ ಬಂದವರ ಮುಂದೆಲ್ಲ ನನ್ನನ್ನು ಖರೇ ಮಾತಿನ ಹುಡುಗಿ ಎಂದು ಹೊಗಳುತ್ತಿದ್ದಳು. ಕೇಳಿದ ಮೇಲೆ ಹೇಳಿದವಳು ನಾನು, ಕೇಳುವ ಮೊದಲು ಹೇಳಬೇಕಾದವಳು. ಹೊಗಳಿಕೆ ಕೇಳಿದಾಗೆಲ್ಲ ಅಪ್ಪ ಎದ್ದು ಹೊರಗೆ ಹೋಗುತ್ತಿದ್ದ. ಆರು ವರ್ಷದ ಮೇಲೆ ಆಯಿ ತೀರಿಹೋದಳು. ಆಗ ಅಪ್ಪ ತೋಟಕ್ಕೆ ತಿರುಗಿ ಹೋಗಬಹುದಿತ್ತು. ದೊಡ್ಡಪ್ಪನ ಕಣ್ಣು ಮಂದವಾಗಿ ಅಂಗಡಿ ಪೂರ್ತಿ ಅವನ ಮೇಲೆ ಬಿದ್ದಿತ್ತು. ತಿಂಗಳಿಗೊಮ್ಮೆ ಹೋಗಿ ಬರುತ್ತಿದ್ದ, ಬೇಗ ತಿರುಗಿ ಬರುತ್ತಿದ್ದ. ಅವನ ಮೊಣಕಾಲು ಅಲ್ಲಾಡುವುದು ಯಾವಾಗ ನಿಂತಿತೋ ನಾವು ಯಾರೂ ಗಮನಿಸಿರಲಿಲ್ಲ.

ನಾನು ಹೇಳಬೇಕೆಂದು ಕೂತದ್ದು ಆ ತದಿಗೆಯ ಮರುದಿನದ ಬೆಳಗನ್ನು. ಆಯಿ ಮತ್ತು ನಾನು ಮೊದಲ ಸಲ ತೋಟಕ್ಕೆ ಹೊರಟಿದ್ದೆವು. ಅಪ್ಪ ಅಂಗಡಿಗೆ ಹೋಗುವ ಮುಂಚೆ ಸ್ಟೇಶನ್ನಿಗೆ ಬರುತ್ತೇನೆ ಎಂದ. ದಾರಿಯುದ್ದಕ್ಕೂ ನನಗೆ ಹೇಳುತ್ತಲೇ ಬಂದ. ಪೇರಲದ ಮೂರನೇ ಸಾಲಿನ ಗೋಣಿ ಸಡಿಲಾಗಿದೆ, ಬಿಗಿ ಮಾಡಿಸು. ಬಲೆಯನ್ನು ಶುಕ್ರವಾರ ಸರಿಸು, ಮೊದಲು ಬೇಡ, ಚಿಗುರು ಎರಡು ಬೆರಳು ಬರಲಿ. ಮರಿಗೆ ಹುರುಳಿ ನೆನೆಸಿ ಕೊಡು, ಒಣದು ಹೊಟ್ಟೆ ಉಬ್ಬಿಸುತ್ತದೆ. ಒಂದನೇ ಮಳೆ ಬಿದ್ದ ದಿನವೇ ಅಟ್ಟಣೆಗೆ ಹತ್ತಿಸು. ಆಯಿ ಗಾಡಿಯೊಳಗೆ ಕೂತು ಬೇರೆ ಕಡೆ ನೋಡುತ್ತಿದ್ದಳು. ನಾನು ಕಿಟಕಿಯಲ್ಲಿದ್ದೆ, ಎಲ್ಲಕ್ಕೂ ಹೂಂ ಅನ್ನುತ್ತಿದ್ದೆ. ಸೀಟಿ ಊದಿತು. ಗಾಡಿ ಹೊರಟರೂ ಅವನಿಗೆ ಇನ್ನೇನೋ ನೆನಪಾಗಿ, ಕಿಟಕಿಯ ಸರಳು ಹಿಡಿದುಕೊಂಡು ಜೊತೆಗೇ ನಡೆದ, ಆಮೇಲೆ ಓಡಿದ, ಏನೋ ಕೂಗಿದ. ಎಂಜಿನಿನ ಸದ್ದಿನಲ್ಲಿ ಕೇಳಿಸಲಿಲ್ಲ. ಪ್ಲಾಟ್‌ಫಾರ್ಮಿನ ತುದಿಯಲ್ಲಿ ನಿಂತುಬಿಟ್ಟ. ನನಗೆ ಅಳು ಬರಬೇಕಿತ್ತು. ಬರಲಿಲ್ಲ. ಮುಖಕ್ಕೆ ಗಾಳಿ ಹೊಡೆಯುತ್ತಿತ್ತು, ಇಡೀ ಬೇಸಿಗೆ ನನ್ನದಾಗಿತ್ತು, ಯಾರೂ ನನ್ನನ್ನು ಕೂರು ಎನ್ನುವವರಿರಲಿಲ್ಲ. ಹಿಗ್ಗು ಎದೆಯಲ್ಲಿ ಹಿಡಿಸದೆ ನಾನು ಬಾಗಿಲಿಗೂ ಕಿಟಕಿಗೂ ಓಡಾಡಿದೆ. ಗಾಡಿ ಮೊದಲ ಸ್ಟೇಶನ್ನಾದ ದೇಸೂರು ದಾಟುವ ಹೊತ್ತಿಗೆ ನಾನು ಅಪ್ಪನನ್ನು ಮರೆತೇಬಿಟ್ಟಿದ್ದೆ.